ಕರಬೂಜದ ಚಿಕ್ಕಮ್ಮ

ಮೊದಲಿಗೆ ನನ್ನ ಅಕ್ಷರಕ್ಕೆ ಕ್ಷಮೆ ಇರಲಿ. ಕಾಗೆಕಾಲು, ಗುಬ್ಬಿಕಾಲು ಎರಡೂ ಒಂದೇ ಸಾಲಿನಲ್ಲಿ ಓಡಾಡಿವೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ಪಾಠ ಬರುತ್ತಿರಲಿಲ್ಲ ಎಂದಲ್ಲ. ಕರಿಹಲಗೆಯ ಮುಂದೆ ನಿಲ್ಲಿಸಿದರೆ ನನ್ನ ಧ್ವನಿ ನನಗಿಂತ ಮೊದಲೇ ಮನೆಗೆ ಓಡಿಹೋಗುತ್ತಿತ್ತು. ನನ್ನ ಹತ್ತಿರ ಪದಗಳೂ ಕಡಿಮೆ. ಇದ್ದಷ್ಟನ್ನೇ ಒರೆಸಿ, ಜೋಡಿಸಿ, ತಪ್ಪಿದಲ್ಲಿ ಹೊಡೆದುಹಾಕಿ, ಮತ್ತೆ ಹೊಸ ಹಾಳೆಗೆ ಇಳಿಸಿ ಬರೆಯುತ್ತಿದ್ದೇನೆ. ಇಷ್ಟೆಲ್ಲ ಕಷ್ಟಪಟ್ಟು ಯಾಕೆ ಬರೆಯಬೇಕು ಎಂದರೆ, ನಮ್ಮ ಕುವಾ ಪೇಟೆಯಲ್ಲಿ ಈ ಕಥೆ ಆಗಲೇ ನಾಲ್ಕಾರು ರೂಪದಲ್ಲಿ ತಿರುಗಾಡುತ್ತಿದೆ. ಒಂದರಲ್ಲಿ ನಾನು ಕರಬೂಜದ ಹಣ್ಣಿಗೆ ಬಾಟಲಿಯಲ್ಲಿ ಹಾಲು ಕುಡಿಸಿದೆನಂತೆ! ಶುದ್ಧ ಸುಳ್ಳು. ಹಾಲು ಕುಡಿಸಿಲ್ಲ. ಜೋಗುಳ ಹಾಡಿದ್ದು ಮಾತ್ರ ನಿಜ.

ಈಗ ನನ್ನ ಪ್ರತಿಜ್ಞೆಗೆ ಬರುತ್ತೇನೆ. ಆ ಭಾನುವಾರ ಬೆಳಿಗ್ಗೆ ಅಂಗಳದ ನಲ್ಲಿಯಲ್ಲಿ ಮುಖ ತೊಳೆಯುತ್ತ ನಾನು ಶಪಥ ಮಾಡಿದೆ: 'ಇವತ್ತು ಅಕ್ಕ ಮಲಗುತ್ತಾಳೆ. ತಾನಾಗಿ ಎಚ್ಚರವಾಗುವ ತನಕ ಮಲಗುತ್ತಾಳೆ. ಇಬ್ಬರು ಮಕ್ಕಳನ್ನೂ ನಾನೊಬ್ಬಳೇ ಸಂಭಾಳಿಸುತ್ತೇನೆ. ಬರುವ ಅತಿಥಿ ಮೂಗಿನ ಮೇಲೆ ಬೆರಳಿಡಬೇಕು!' ರಾಜ್ಯ ಗೆಲ್ಲಲು ಹೊರಟವರೂ ಅಷ್ಟು ಗಂಭೀರವಾಗಿ ಮುಖ ಒರೆಸಿಕೊಂಡಿರಲಾರರು.

ನನ್ನ ಅಕ್ಕ ಮೋಹಿರಾಗೆ ಅವಳಿ ಮಕ್ಕಳು. ನಮ್ಮ ಕಡೆ ಅವಳಿ ಹುಟ್ಟಿದರೆ ಹೆಸರಿಗಾಗಿ ತಲೆ ಕೆಡಿಸಿಕೊಳ್ಳುವ ಹಾಗಿಲ್ಲ. ಗಂಡಿಗೆ ಹಸನ್, ಹೆಣ್ಣಿಗೆ ಜುಹರಾ ಎಂದು ಅಜ್ಜಂದಿರ ಕಾಲದಲ್ಲೇ ತೀರ್ಮಾನವಾಗಿದೆ. ಅವಳಿ ಮಕ್ಕಳ ವಿಷಯದಲ್ಲಿ ಸುಲಭವಾದ ಕೆಲಸ ಅದೊಂದೇ! ಉಳಿದದ್ದೆಲ್ಲ ಯುದ್ಧ. ಹಸನ್ ಅತ್ತು ಸುಸ್ತಾಗಿ ಮಲಗಿದ ಕೂಡಲೇ ಜುಹರಾ ಎದ್ದು ಪಾಳಿ ವಹಿಸಿಕೊಳ್ಳುತ್ತಾಳೆ. ಕಾರ್ಖಾನೆಯಲ್ಲೂ ಇಷ್ಟು ಶಿಸ್ತಾಗಿ ಪಾಳಿ ಬದಲಾಗುವುದಿಲ್ಲ. ಶಾಲೆ ಬಿಟ್ಟು ಮನೆಯಲ್ಲಿದ್ದ ನನ್ನನ್ನು ಅಮ್ಮ ಅಕ್ಕನ ಸಹಾಯಕ್ಕೆಂದು ಇಲ್ಲಿಗೆ ಕಳಿಸಿದ್ದಳು.

ಭಾವ ಇಲ್ಹೋಮ್ ಪೇಟೆಗೂ ರೈಲ್ವೆ ಸ್ಟೇಷನ್ನಿಗೂ ನಡುವೆ ಒಂದು ಪುಟಾಣಿ ಬಿಳಿ ವ್ಯಾನು ಓಡಿಸುತ್ತಾರೆ. ಮೊದಲೆಲ್ಲ ಗಂಡ ಹೆಂಡತಿ ಕೂತು ಮಾತಾಡುತ್ತಿದ್ದರು, ನಗುತ್ತಿದ್ದರು. ಮಕ್ಕಳು ಬಂದ ಮೇಲೆ ಅವರ ನಡುವೆ ಉಳಿದದ್ದು ಒಂದೇ ವಿಷಯ. ಯಾರಿಗೆ ಹೆಚ್ಚು ಸುಸ್ತು?

"ನಿಮಗೇನು! ವ್ಯಾನಿನಲ್ಲಿ ಕೂತು ಊರು ಸುತ್ತೋದು!"

"ನಿನಗೇನು! ಮನೆಯಲ್ಲಿ ನೆರಳಲ್ಲಿ ಕೂತಿರೋದು!"

"ಕೂತಿರೋದಾ? ನಾನು ಕೂತು ಎಷ್ಟು ದಿನ ಆಯ್ತು ಕೇಳಿ!"

"ನಾನು ಇವತ್ತು ಸಿಗ್ನಲ್ಲಿನಲ್ಲಿ ನಿದ್ದೆ ಹೋದೆ ಗೊತ್ತಾ? ಪ್ಯಾಸೆಂಜರೇ ಹಾರ್ನ್ ಹೊಡೆದ!"

"ನಾನು ನಿಂತ ಹಾಗೇ..." ಎಂದು ಅಕ್ಕ ಶುರು ಮಾಡುವಳು. ಮುಗಿಸುವಷ್ಟರಲ್ಲಿ ಭಾವ ಸೂಪಿನ ಬಟ್ಟಲಿನ ಮುಂದೆ ಗೊರಕೆ. ಅಕ್ಕನೂ ಗೋಡೆಗೆ ಒರಗಿ ಗೊರಕೆ. ಗೆದ್ದವರು ಯಾರು ಎಂದು ತೀರ್ಪು ಹೇಳಲು ನಾನೊಬ್ಬಳೇ ಎಚ್ಚರ.

ಇದು ನಗುವ ಮಾತಾಯಿತು. ನಗಲಾಗದ ಮಾತೂ ಒಂದಿದೆ. ಒಂದು ದಿನ ಆಸ್ಪತ್ರೆಯಿಂದ ಮನೆಮನೆ ನೋಡುವ ನರ್ಸ್ ಬಂದಳು. ಮಕ್ಕಳನ್ನು ತೂಗಿದಳು, ಗಂಟಲು ನೋಡಿದಳು. ಆಮೇಲೆ, "ತಾಯಿ ಹೇಗಿದ್ದಾಳೆ?" ಎಂದಳು.

ಅಕ್ಕನ ಅತ್ತೆ ಕುಮ್ರಿ ಹೆಮ್ಮೆಯಿಂದ, "ಹಾಲು ಚೆನ್ನಾಗಿದೆ" ಎಂದರು.

"ನಾನು ಹಸುವಿನ ವಿಷಯ ಕೇಳಲಿಲ್ಲ ಕಣಮ್ಮಾ" ಎಂದು ನರ್ಸ್ ಅಕ್ಕನ ಕಡೆ ತಿರುಗಿ, "ನೀನು ಹೇಗಿದ್ದೀಯ?" ಎಂದಳು.

ಅಕ್ಕ ಬಾಯಿ ತೆರೆದಳು. ಚೆನ್ನಾಗಿದ್ದೀನಿ ಎನ್ನಬೇಕಿತ್ತು. ಬಂದದ್ದು ಅಳು. ಹಸನ್, ಜುಹರಾ ಇಬ್ಬರೂ ತಮ್ಮ ಅಳು ನಿಲ್ಲಿಸಿ ಬೆರಗಾಗಿ ನೋಡುವಂಥ ಅಳು! ಅಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಕುಮ್ರಿ ಅತ್ತೆ ಕೆಟ್ಟವರಲ್ಲ. ಆದರೆ ಸೊಸೆಯ ಅಳು ನೋಡಿ ಅವರಿಗೆ ಜೀವ ಹಾರಿಹೋಯಿತು. ಅವರಿಗೆ ಗೊತ್ತಿದ್ದ ಮದ್ದು ಒಂದೇ. ಅಂದಿಜಾನ್‌ನಲ್ಲಿರುವ ತಮ್ಮ ಅಕ್ಕ ತೋಜಿಖೋನ್‌ಗೆ ಫೋನ್ ಮಾಡಿದರು. "ಒಂದು ಮಗೂನ ನೀನು ಕರ್ಕೊಂಡು ಹೋಗು. ನಡೆಯೋ ಹಾಗಾದ ಮೇಲೆ ವಾಪಸ್ ಕಳಿಸು. ಸೊಸೆಗೆ ಒಂದೇ ಉಳಿದರೆ ಸುಧಾರಿಸ್ಕೋತಾಳೆ. ಹಸನ್‌ನ ತಗೊಂಡು ಹೋಗು, ಅವನೇ ಜಾಸ್ತಿ ಅಳೋದು."

ಹಿರಿಯರು ತೀರ್ಮಾನಿಸಿದ ಮೇಲೆ ನಮ್ಮಲ್ಲಿ ಸೊಸೆ ಎದುರಾಡುವುದಿಲ್ಲ. ಮಗನೂ ಎದುರಾಡುವುದಿಲ್ಲ. ಭಾವ ಸುಮ್ಮನೆ ಹೋಗಿ ವ್ಯಾನಿನ ಗಾಜು ಒರೆಸಿದರು. ಆಗಲೇ ಒರೆಸಿದ್ದ ಗಾಜು. ಅಕ್ಕ ಬಟ್ಟೆ ಒಗೆಯುತ್ತ ನನ್ನ ಕಿವಿಯಲ್ಲಿ, "ಒಂದು ಕ್ಷಣ 'ಹೋಗಲಿ ಬಿಡು' ಅನ್ನಿಸಿಬಿಡ್ತು ಕಣೇ ಓಯ್ದಿನ್. ಸ್ವಲ್ಪ ಮಲಗಬಹುದಲ್ಲಾ ಅಂತ. ನಾನೆಂಥ ತಾಯಿ?" ಎಂದಳು. ಆಮೇಲೆ ಇಡೀ ದಿನ ಹಸನ್‌ನ ಒಂದೇ ಅಂಗಿಯನ್ನು ಮತ್ತೆ ಮತ್ತೆ ಒಗೆದಳು.

ತೋಜಿ ದೊಡ್ಡಮ್ಮ ಬರುವ ದಿನವೇ ಆ ಭಾನುವಾರ. ನನ್ನ ಪ್ರತಿಜ್ಞೆಯ ಹಿಂದಿನ ಲೆಕ್ಕಾಚಾರ ಈಗ ನಿಮಗೆ ಅರ್ಥವಾಗಿರಬೇಕು. ದೊಡ್ಡಮ್ಮ ಬಂದಾಗ ಅಂಗಳ ಪ್ರಶಾಂತವಾಗಿರಬೇಕು. ಎರಡೂ ಮಕ್ಕಳು ದೇವತೆಗಳ ಹಾಗೆ ಮಲಗಿರಬೇಕು. ಅಕ್ಕ ನಿದ್ದೆ ಮುಗಿಸಿ ಗುಲಾಬಿಯಂತೆ ಅರಳಿ ಹೊರಗೆ ಬರಬೇಕು. 'ಅಯ್ಯೋ, ಇಲ್ಲಿ ಎಲ್ಲ ಸರಿಯಾಗಿದೆಯಲ್ಲ, ನಾನ್ಯಾಕೆ ಬಂದೆ?' ಎಂದು ದೊಡ್ಡಮ್ಮ ಬರಿಗೈಲಿ ಹೊರಡಬೇಕು!

"ಅಕ್ಕಾ, ಹೋಗಿ ಹಿಂದಿನ ಕೋಣೇಲಿ ಮಲ್ಕೋ" ಎಂದೆ.

"ಅತಿಥಿ ಬರೋ ಹೊತ್ತಲ್ಲಿ ಸೊಸೆ ಮಲಗೋದಾ? ಅತ್ತೆ ಏನಂತಾರೆ?"

"ತಲೆನೋವು ಅಂತ ಹೇಳ್ತೀನಿ."

"ಮಕ್ಕಳು ಅತ್ತರೆ ಕರೀತೀಯಾ?"

"ಅಳೋದೇ ಇಲ್ಲ!"

ಅಕ್ಕ ನನ್ನ ಮುಖವನ್ನು ಕರುಣೆಯಿಂದ ನೋಡಿದಳು. ಚಳಿಗಾಲದ ರಜಾಯಿಗಳ ರಾಶಿಯ ಪಕ್ಕ ತಲೆ ಇಟ್ಟಳು ನೋಡಿ, ದಿಂಬಿಗೆ ತಲೆ ಮುಟ್ಟುವ ಮೊದಲೇ ನಿದ್ದೆ ಮುಟ್ಟಿತ್ತು.

ನಮ್ಮ ಕಡೆಯ ತೊಟ್ಟಿಲನ್ನು ಸೂರಿಗೆ ನೇತುಹಾಕುವುದಿಲ್ಲ. ಬಾಗಿದ ಮರದ ಕಾಲುಗಳ ಮೇಲೆ ನೆಲದಲ್ಲೇ ನಿಂತು ತೂಗುತ್ತದೆ. ಮಗುವನ್ನು ಮಲಗಿಸಿ, ಕೈಕಾಲು ಆಡದ ಹಾಗೆ ಅಗಲವಾದ ಪಟ್ಟಿಗಳಿಂದ ಕಟ್ಟಿ, ಮೇಲಿನ ಅಡ್ಡಕೋಲಿನಿಂದ ಮಖಮಲ್ಲಿನ ಹೊದಿಕೆಗಳನ್ನು ಒಂದರ ಮೇಲೊಂದು ಇಳಿಬಿಟ್ಟರೆ ಮುಗಿಯಿತು. ಒಳಗಿರುವುದು ಮಗುವೋ ಮಂತ್ರಿಯೋ ಹೊರಗಿನವರಿಗೆ ತಿಳಿಯುವುದಿಲ್ಲ. ಮಲಗಿದ ಮಗುವಿನ ಹೊದಿಕೆ ಎತ್ತಿ ನೋಡುವುದು ನಮ್ಮಲ್ಲಿ ದೊಡ್ಡ ತಪ್ಪು. ಅದಕ್ಕಿಂತ ದೊಡ್ಡ ತಪ್ಪೆಂದರೆ ಖಾಲಿ ತೊಟ್ಟಿಲು ತೂಗುವುದು. ಮಗುವಿಗೆ ಹೊಟ್ಟೆನೋವು ಬರುತ್ತದೆ ಎಂದು ಕುಮ್ರಿ ಅತ್ತೆ ಮನೆಯವರಿಗೆಲ್ಲ ದಿನಾ ಎಚ್ಚರಿಸುತ್ತಿದ್ದರು.

ದ್ರಾಕ್ಷಿ ಚಪ್ಪರದ ಕೆಳಗೆ ಅಗಲವಾದ ಮರದ ಮಂಚವಿದೆಯಲ್ಲ, ಅದರ ಮೇಲೆ ಎರಡೂ ತೊಟ್ಟಿಲು ಇಟ್ಟೆ. ಎರಡಕ್ಕೂ ಹಗ್ಗ ಕಟ್ಟಿ ನಡುವೆ ಕೂತೆ. ಎಡಗೈಯಲ್ಲಿ ಹಸನ್, ಬಲಗೈಯಲ್ಲಿ ಜುಹರಾ. ಜೋಡಿ ಕುದುರೆ ಸಾರೋಟು ಓಡಿಸುವವಳ ಗತ್ತು ನನ್ನದು!

ಹಸನ್ ಶುರು ಮಾಡಿದ. ಅವನ ಅಳು ಕೇಳಿ ಜುಹರಾ ಶುರು ಮಾಡಿದಳು. ಪಕ್ಕದ ಮನೆಯ ನಾಯಿ ಶುರು ಮಾಡಿತು. ನಾನು ಇನ್ನೂ ಜೋಗುಳಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ, ಹಿತ್ತಿಲಿನಿಂದ ಕುಮ್ರಿ ಅತ್ತೆಯ ಕೂಗು ಬಂತು. "ಓಯ್ದಿನ್! ಬೇಗ ಬಾರೇ! ರೊಟ್ಟಿ ತಂದೂರಿಗೇ ಅಂಟ್ಕೋತಿವೆ!"

ಓಡಿದೆ. ತಂದೂರಿನೊಳಗೆ ಬಗ್ಗಿ ರೊಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ಬುಟ್ಟಿಗೆ ಹಾಕುವಷ್ಟರಲ್ಲಿ ಹುಬ್ಬು ಸುಟ್ಟಿತು. ಮತ್ತೆ ಅಂಗಳಕ್ಕೆ ಓಡಿ ಬಂದರೆ, ಏನಾಶ್ಚರ್ಯ! ಹಸನ್‌ನ ತೊಟ್ಟಿಲು ನಿಶ್ಶಬ್ದ. ಅಣ್ಣ ಸುಮ್ಮನಾದದ್ದನ್ನು ಗಮನಿಸಿ ಜುಹರಾಳೂ ಬಿಕ್ಕಿ ಬಿಕ್ಕಿ ನಿಂತಳು.

ನಾನಿನ್ನೂ ಹಾಡಿಯೇ ಇರಲಿಲ್ಲ. ಇವಳು ಹಾಡುತ್ತಾಳೆ ಎಂದು ಗೊತ್ತಾದ ಮಾತ್ರಕ್ಕೇ ಮಗು ಮಲಗಿತ್ತು! ನನ್ನಲ್ಲಿ ಇಂಥ ಶಕ್ತಿ ಅಡಗಿದೆ ಎಂದು ಶಾಲೆಯಲ್ಲಿ ಯಾರಿಗೂ ಹೊಳೆಯಲಿಲ್ಲವಲ್ಲ ಎಂದುಕೊಂಡು ಹಗ್ಗ ಹಿಡಿದೆ. ಹೇಗೂ ಸಿದ್ಧವಾಗಿತ್ತಲ್ಲ, ಜೋಗುಳವನ್ನೂ ಹಾಡಿದೆ. ಮುಖ್ಯವಾಗಿ ಹಸನ್‌ನ ಕಡೆ ತಿರುಗಿ.

ಅಷ್ಟರಲ್ಲಿ ಕುಮ್ರಿ ಅತ್ತೆ ಬಾಗಿಲ ಬಳಿಯ ನೀರಿನ ಕಾಲುವೆಗೆ ಬಗ್ಗಿ ನೋಡಿ ಎದೆ ಬಡಿದುಕೊಂಡರು. "ನನ್ನ ಕರಬೂಜ! ಅಕ್ಕನಿಗೆ ಅಂತ ತಣ್ಣಗಾಗಲಿಕ್ಕೆ ಇಟ್ಟಿದ್ದೆ! ಎಲ್ಲಿ ಹೋಯ್ತು?"

ಅದು ಸಾಮಾನ್ಯ ಹಣ್ಣಲ್ಲ. ಉದ್ದಕ್ಕೆ, ಹಳದಿಗೆ, ಮೈತುಂಬ ಬಲೆ ಬಿಡಿಸಿದಂಥ ಗೆರೆಗಳ, ಮೊಳದುದ್ದದ ಕರಬೂಜ. ಅತ್ತೆ ಇಡೀ ಪೇಟೆ ಸುತ್ತಿ, ಒಂದೊಂದನ್ನೂ ತಟ್ಟಿ ನೋಡಿ, ಮೂಸಿ ನೋಡಿ ಆರಿಸಿ ತಂದದ್ದು.

"ನೀರಲ್ಲಿ ತೇಲಿ ಹೋಗಿರಬೇಕು ಅತ್ತೆ" ಎಂದೆ, ಹಗ್ಗ ಎಳೆಯುತ್ತ.

"ತೇಲಿ ಹೋದರೆ ಮಸ್ತೂರಾ ಮನೆಗೇ ಹೋಗಬೇಕು. ಕಾಲುವೆ ಆ ಕಡೆಗೇ ಹರಿಯೋದು!" ಎಂದು ಅತ್ತೆ ಗೋಡೆಯ ಕಡೆ ತಿರುಗಿ ಧ್ವನಿ ಏರಿಸಿದರು. "ಮಸ್ತೂರಾ! ನಿಮ್ಮನೇಲಿ ಏನಾದರೂ ಹಣ್ಣು ಬಂದಿದೆಯಾ?"

ಗೋಡೆಯ ಆಚೆಯಿಂದ ಮಸ್ತೂರಾಳ ತಲೆ ಎದ್ದಿತು. ಅವಳು ಏಣಿಯನ್ನು ಗೋಡೆಗೆ ಒರಗಿಸಿಯೇ ಇಟ್ಟಿರುತ್ತಾಳೆ. "ಬಂದಿಲ್ಲ ಕಣಕ್ಕಾ. ನಿಮ್ಮನೆಯಿಂದ ನಮ್ಮನೆಗೆ ಬರೋದು ಮಕ್ಕಳ ಅಳು ಒಂದೇ."

"ಏನಂದೆ?"

"ಅದನ್ನ ನಾನು ಯಾವತ್ತೂ ಇಟ್ಕೊಂಡಿಲ್ಲ. ಹಾಗೇ ವಾಪಸ್ ಕಳಿಸಿದ್ದೀನಿ ಅಂದೆ!"

"ಶ್!" ಎಂದೆ ನಾನು. "ಹಸನ್ ಮಲಗಿದ್ದಾನೆ!" ಇಬ್ಬರೂ ಬಾಯಿ ಮುಚ್ಚಿದರು. ನಾನು ಶ್ ಎಂದು ಹಿರಿಯರು ಬಾಯಿ ಮುಚ್ಚಿದ್ದು ಜೀವನದಲ್ಲಿ ಅದೇ ಮೊದಲು. ಅಧಿಕಾರದ ರುಚಿ ಹತ್ತಿತು.

ತೋಜಿ ದೊಡ್ಡಮ್ಮ ಬಂದರು. ಬಾಗಿಲಲ್ಲಿ ಮೊದಲು ಅವರ ಚೀಲಗಳು ಬಂದವು, ಆಮೇಲೆ ಅವರು. ಭಾರಿ ಶರೀರ. ಮಂಚದ ಮೇಲೆ ಕೂತಾಗ ಮಂಚ ನನಗೆ ಕೇಳಿಸುವ ಹಾಗೆ ನಿಟ್ಟುಸಿರು ಬಿಟ್ಟಿತು. ಚಹಾ ಬಟ್ಟಲು ಕೈಗೆ ತೆಗೆದುಕೊಂಡು ಎರಡೂ ತೊಟ್ಟಿಲುಗಳನ್ನು ನೋಡಿ, "ಇದರಲ್ಲಿ ನಂದು ಯಾವುದು?" ಎಂದರು.

ನಂದು! ಹೊಸಬರ ಮುಂದೆ ನಾನು ಮಾತಾಡುವವಳೇ ಅಲ್ಲ. ಆದರೆ ಅಕ್ಕನ ನೆನಪಾಯಿತು, ಒಂದೇ ಅಂಗಿಯನ್ನು ಮತ್ತೆ ಮತ್ತೆ ಒಗೆದದ್ದು ನೆನಪಾಯಿತು. ಉಸಿರು ಬಿಗಿಹಿಡಿದು ಹೇಳಿಯೇಬಿಟ್ಟೆ. "ಇವನೇ ಹಸನ್, ದೊಡ್ಡಮ್ಮ. ಜಾಸ್ತಿ ಅಳ್ತಾನೆ ಅಂತ ಹೇಳೋದೆಲ್ಲ ಸುಳ್ಳು. ನೋಡಿ, ಬೆಳಿಗ್ಗೆಯಿಂದ ಒಂದು ಸದ್ದಿಲ್ಲ. ನನ್ನ ಕೈಯಲ್ಲಿ ಯಾವಾಗ್ಲೂ ಹೀಗೇ."

"ಹೌದಾ?" ದೊಡ್ಡಮ್ಮ ಕೈ ಚಾಚಿ ತೊಟ್ಟಿಲನ್ನು ಒಂದು ಸಲ ತೂಗಿದರು. "ಪರವಾಗಿಲ್ಲ, ಒಳ್ಳೇ ತೂಕ ಇದೆ. ಗಟ್ಟಿ ಮಗು."

"ನಮ್ಮ ಮನೆ ರಕ್ತ!" ಎಂದು ಕುಮ್ರಿ ಅತ್ತೆ ಸೆರಗು ಸರಿಪಡಿಸಿಕೊಂಡರು.

ದೊಡ್ಡಮ್ಮ ಮೂಗು ಅರಳಿಸಿದರು. "ಎಂಥ ಪರಿಮಳವೇ ಕುಮ್ರಿ, ಮಗೂದು! ಜೇನಿನ ಹಾಗೆ, ಹಣ್ಣಿನ ಹಾಗೆ!"

"ತಾಯಿ ಹಾಲಿನ ಗುಣ ದೊಡ್ಡಮ್ಮ" ಎಂದೆ ನಾನು. ಬಿಟ್ಟರೆ ಇನ್ನೂ ಹೇಳುತ್ತಿದ್ದೆ. ಶಾಲೆಯಲ್ಲಿ ಕೂಡಿಟ್ಟ ಮಾತೆಲ್ಲ ಅವತ್ತು ಹೊರಗೆ ಬರುತ್ತಿತ್ತು. "ಮಗು ಅಂದರೆ ತೂಗೋ ಕೈ ಮೇಲೆ ಹೋಗುತ್ತೆ. ಕೆಲವರು ಜೋರಾಗಿ ತೂಗ್ತಾರೆ, ಅದಕ್ಕೇ ಅಳೋದು. ಲಯ ಬೇಕು, ಲಯ!"

ಜುಹರಾ ಎದ್ದಳು. ಅವಳಿಗೆ ಬಾಟಲಿ ಹಾಲು ಕುಡಿಸಿದೆ, ಮತ್ತೆ ಮಲಗಿಸಿದೆ. ಹಸನ್ ಮಾತ್ರ ಅಲ್ಲಾಡಲಿಲ್ಲ. ಗೋಡೆಯ ಮೇಲಿಂದ ಮಸ್ತೂರಾ, "ಇಷ್ಟು ಹೊತ್ತಾದರೂ ಹಸಿವಾಗಲಿಲ್ವಾ ಅವನಿಗೆ?" ಎಂದಳು.

"ಆಗಲ್ಲ" ಎಂದೆ. "ತೃಪ್ತಿಯಿಂದ ಮಲಗಿದ ಮಗುವಿಗೆ ಹಸಿವೆ ಆಗಲ್ಲ."

ದೊಡ್ಡಮ್ಮ ಬಟ್ಟಲು ಕೆಳಗಿಟ್ಟರು. "ಸರಿ, ಮುಖ ತೋರಿಸು. ಕರ್ಕೊಂಡು ಹೋಗೋ ಮಗೂನ ನೋಡಬೇಡ್ವಾ?"

"ಬೇಡ ದೊಡ್ಡಮ್ಮ! ಮಲಗಿದಾಗ ಹೊದಿಕೆ ತೆಗೀಬಾರದು!" ನಾನು ತೊಟ್ಟಿಲಿಗೆ ಅಡ್ಡ ಬಿದ್ದೆ. ನೋಡಿದರೆ ಮುದ್ದು ಬರುತ್ತದೆ, ಮುದ್ದು ಬಂದರೆ ಎತ್ತುತ್ತಾರೆ, ಎತ್ತಿದರೆ ಅಂದಿಜಾನ್! ನನ್ನ ಲೆಕ್ಕ ಅಷ್ಟೇ.

"ತೆಗೆಯಲ್ಲ ಕಣೇ, ಕೆನ್ನೆ ಮುಟ್ತೀನಿ ಅಷ್ಟೇ" ಎಂದು ದೊಡ್ಡಮ್ಮ ನನ್ನ ಕಂಕುಳ ಕೆಳಗಿನಿಂದ ಹೊದಿಕೆಯೊಳಗೆ ಕೈ ತೂರಿಸಿದರು. ಅವರ ಮುಖ ಬಿಳಿಚಿಕೊಂಡಿತು.

"ಕುಮ್ರಿ! ಮಗು ತಣ್ಣಗಿದೆಯಲ್ಲೇ!"

ಕುಮ್ರಿ ಅತ್ತೆ ಒಂದೇ ಸಲಕ್ಕೆ ಹೊದಿಕೆಗಳನ್ನೆಲ್ಲ ಕಿತ್ತೆಸೆದರು.

ತೊಟ್ಟಿಲಲ್ಲಿ, ಹಸನ್‌ನ ಹಾಸಿಗೆಯ ಮೇಲೆ, ಎರಡೂ ಪಟ್ಟಿಗಳಿಂದ ಅಚ್ಚುಕಟ್ಟಾಗಿ ಕಟ್ಟಿಸಿಕೊಂಡು, ಹಸನ್‌ನ ಕುಚ್ಚಿನ ಬಿಳಿ ಟೋಪಿ ಹಾಕಿಕೊಂಡು, ಕರಬೂಜ ಮಲಗಿತ್ತು.

ಕುಮ್ರಿ ಅತ್ತೆಯ ಬಾಯಿಂದ ಮೊದಲ ಮಾತು ಹೊರಟಿತು. "ನನ್ನ ಕರಬೂಜ!"

ಒಂದು ಉಸಿರು ಕಳೆದ ಮೇಲೆ, "ನನ್ನ ಮಗು!" ಎಂದರು.

ಈ ಕ್ರಮವನ್ನು ಮಸ್ತೂರಾ ಇವತ್ತಿಗೂ ಮರೆತಿಲ್ಲ. ಅತ್ತೆಗೆ ಮರೆಯಲು ಬಿಟ್ಟೂ ಇಲ್ಲ.

ಮುಂದೆ ನಡೆದದ್ದನ್ನು ಒಂದು ಕ್ರಮದಲ್ಲಿ ಬರೆಯಲು ತುಂಬ ಪ್ರಯತ್ನಿಸಿದೆ. ಆಗಲಿಲ್ಲ, ಯಾಕೆಂದರೆ ಎಲ್ಲ ಒಟ್ಟಿಗೇ ನಡೆಯಿತು. ಮಸ್ತೂರಾ ಏಣಿ ಬಿಟ್ಟು ಗೋಡೆ ಹಾರಿದಳು. ದೊಡ್ಡಮ್ಮ ದೃಷ್ಟಿ ತೆಗೆಯಲು ಇಸಿರಿಕ್ ಸೊಪ್ಪಿಗೆ ಬೆಂಕಿ ಹಚ್ಚಿ ಅಂಗಳವೆಲ್ಲ ಹೊಗೆ ಮಾಡಿದರು. ಮಗುವೇನು, ಮನೆಯೇ ಕಾಣಿಸದಾಯಿತು. ಕುಮ್ರಿ ಅತ್ತೆ ತಂದೂರಿನೊಳಗೆ ಬಗ್ಗಿ ನೋಡಿದರು. ನಾನು, ದೇವರೇ ಕ್ಷಮಿಸಲಿ, ಚಹಾ ನೀರು ಕಾಯಿಸುವ ಸಮೋವರದ ಮುಚ್ಚಳ ತೆಗೆದು ನೋಡಿದೆ. ಜುಹರಾ ಈ ಗಲಾಟೆಗೆ ಎದ್ದು ಅಣ್ಣನ ಪಾಲಿನದನ್ನೂ ಸೇರಿಸಿ ಅತ್ತಳು.

"ಮೋಹಿರಾಗೆ ಹೇಳಬೇಡಿ! ಅವಳಿಗೆ ಗೊತ್ತಾಗಬಾರದು!" ಎಂದು ಅತ್ತೆ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು.

"ಶ್!" ಎಂದು ನಾವೆಲ್ಲ ಅದಕ್ಕಿಂತ ಜೋರಾಗಿ ಕೂಗಿದೆವು.

"ಇಲ್ಹೋಮ್‌ಗೆ ಫೋನ್ ಮಾಡೋಣ" ಎಂದಳು ಮಸ್ತೂರಾ.

"ಬೇಡ! ಬೇಡ! ವ್ಯಾನು ಓಡಿಸ್ತಿರ್ತಾನೆ. ಮಗು ಕಾಣಿಸ್ತಿಲ್ಲ ಅಂದರೆ ಗಾಬರೀಲಿ ಎಲ್ಲಾದರೂ ಗುದ್ದಿಬಿಟ್ಟಾನು!"

ನಾನು ಮಂಚದ ಅಂಚಿನಲ್ಲಿ ಕುಸಿದೆ. ಅಕ್ಕ ಎದ್ದು ಬಂದು ಮಗು ಎಲ್ಲಿ ಎಂದರೆ ಏನು ಹೇಳಲಿ? 'ಸುಸ್ತಾಗಿದ್ದೀಯ, ಮಲ್ಕೋ' ಎಂದು ಕಳಿಸಿದವಳು ನಾನೇ. ಒಂದು ಕ್ಷಣ ಹೋಗಲಿ ಬಿಡು ಅನ್ನಿಸಿತು ಎಂದು ನನ್ನೊಬ್ಬಳಿಗೇ ಹೇಳಿಕೊಂಡಿದ್ದಳಲ್ಲ, ಅದಕ್ಕೇ ಹೀಗಾಯಿತು ಎಂದುಕೊಂಡರೆ? ಅವಳು ಮತ್ತೆ ಎಂದೂ ಮಲಗುವುದಿಲ್ಲ ಅನ್ನಿಸಿತು. ಕೈ ತನ್ನಷ್ಟಕ್ಕೆ ತಾನೇ ಹಗ್ಗ ಎಳೆಯುತ್ತಿತ್ತು. ಕರಬೂಜ ಆರಾಮವಾಗಿ ತೂಗುತ್ತಿತ್ತು.

ಆಗ ಬೀದಿಯಲ್ಲಿ ಹಾರ್ನ್ ಕೇಳಿಸಿತು. ಭಾವನ ಬಿಳಿ ವ್ಯಾನು ಬಾಗಿಲಿಗೇ ಬಂದು ನಿಂತಿತು. ಒಳಗೆ ತುಂಬ ಪ್ಯಾಸೆಂಜರುಗಳು, ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದಾರೆ. ಮುಂದಿನ ಸೀಟಿನಲ್ಲಿ ಬಿಳಿ ಗಡ್ಡದ ತಾತ. ತಾತನ ತೊಡೆಯ ಮೇಲೆ, ಭಾವನ ಜಾಕೆಟ್ಟಿನಲ್ಲಿ ಸುತ್ತಿಸಿಕೊಂಡು, ಗಡ್ಡವನ್ನು ಎರಡೂ ಕೈಯಲ್ಲಿ ಹಿಡಿದು, ನಮ್ಮ ಹಸನ್!

"ಏ ಇಲ್ಹೋಮ್, ನಿನ್ನ ಮಗನಿಗೆ ಹಸಿವಾಗಿದೆ ಕಣೋ" ಎಂದರು ತಾತ. "ನನ್ನ ಗಡ್ಡ ತಿನ್ನೋಕೆ ಶುರು ಮಾಡಿದ. ನಾನು ಪೇಟೇಲೇ ಇಳೀಬೇಕಿತ್ತು, ಇವನು ಬಿಡಲಿಲ್ಲ."

"ನಾನೂ ಇಳೀಬೇಕಿತ್ತು" ಎಂದಳು ಹಿಂದಿನ ಸೀಟಿನ ಹೆಂಗಸು. "ನನ್ನ ಸರದಿ ಬರೋ ತನಕ ಇಳಿಯಲ್ಲ ಅಂದೆ!"

ಭಾವ ಕೆಳಗಿಳಿದರು. ಅಂಗಳದ ತುಂಬ ಹೊಗೆ. ಹೊಗೆಯ ನಡುವೆ ಅವರ ಅಮ್ಮ, ದೊಡ್ಡಮ್ಮ, ಮಸ್ತೂರಾ. ಹೊದಿಕೆ ಇಲ್ಲದ ತೊಟ್ಟಿಲಲ್ಲಿ ಟೋಪಿ ಹಾಕಿಕೊಂಡ ಕರಬೂಜ. ಭಾವ ಅಲ್ಲೇ ಕಲ್ಲಾದರು.

ತಾತ ಮಗುವನ್ನು ಚಾಚಿದರು. "ತಗೋಪ್ಪಾ."

ಭಾವನ ಕೈ ಮುಂದೆ ಬರಲಿಲ್ಲ. ನಮ್ಮಲ್ಲಿ ಮಗ ಎಷ್ಟೇ ದೊಡ್ಡವನಾಗಿರಲಿ, ತಾಯಿತಂದೆಯ ಎದುರು ತನ್ನ ಮಗುವನ್ನು ಎತ್ತಿ ಮುದ್ದಾಡುವುದು ನಾಚಿಕೆಗೇಡು. ಭಾವ ಮನೆಗೆ ಬಂದರೆ ಮಕ್ಕಳ ಕಡೆ ಓರೆಗಣ್ಣಲ್ಲಿ ನೋಡಿ, ಕೆಮ್ಮಿ, ಊಟಕ್ಕೆ ಕೂರುತ್ತಿದ್ದರು. ಈಗ ಹಸನ್ ತುಟಿ ಸೊಟ್ಟ ಮಾಡಿದ. ಮುಂದೇನು ಎಂದು ಎಲ್ಲರಿಗೂ ಗೊತ್ತು. ಅವನು ಕಿರುಚುವ ಮೊದಲೇ ಭಾವ ಎರಡೂ ಕೈ ಚಾಚಿ ಎತ್ತಿಕೊಂಡು ಎದೆಗೆ ಒತ್ತಿಕೊಂಡರು. ಕಿವಿಗಳು ಟೊಮೇಟೊ ಹಣ್ಣಾದವು.

"ಇಲ್ಹೋಮ್!" ಎಂದರು ಕುಮ್ರಿ ಅತ್ತೆ. "ನಾಚಿಕೆ ಇಲ್ವಾ? ದೊಡ್ಡಮ್ಮನ ಎದುರಿಗೇ?"

"ಇದೆ ಅಮ್ಮಾ. ತುಂಬಾ ಇದೆ. ಆದರೂ ಕೊಡಲ್ಲ."

"ಯಾರಿಗೆ ಕೊಡಲ್ಲ?"

"ಯಾರಿಗೂ." ಭಾವ ನೆಲ ನೋಡುತ್ತ ಮಾತಾಡಿದರು. "ಇವನನ್ನ ನಾನು ಬೆಳಕಲ್ಲಿ ಸರಿಯಾಗಿ ನೋಡೇ ಇರಲಿಲ್ಲಮ್ಮಾ. ನಾನು ಬರೋ ಹೊತ್ತಿಗೆ ಹೊದಿಕೆ ಒಳಗಿರ್ತಾನೆ, ನೀವು ಎದುರಿಗಿರ್ತೀರಿ. ಇವತ್ತು ಹೋಗಿಬಿಡ್ತಾನಲ್ಲ, ಹೋಗೋ ಮುಂಚೆ ಒಂದು ಸಲ ನೋಡ್ಕೊಳ್ಳೋಣ ಅಂತ ಬಂದೆ. ಅಳ್ತಿದ್ದ. ಅಂಗಳದಲ್ಲಿ ಯಾರೂ ಇರಲಿಲ್ಲ. ಎತ್ಕೊಂಡೆ, ಸುಮ್ಮನಾದ. ವ್ಯಾನು ಹತ್ತಿಸಿದೆ, ನಕ್ಕ. ನೋಡಿದೆ ಅಲ್ವಾ? ಈಗ ಕೊಡೋಕಾಗಲ್ಲ. ನನಗೆ ಸುಸ್ತಾಗಲಿ ಬಿಡಿ."

ಅಪ್ಪನ ಧ್ವನಿ ಕೇಳಿ ಜುಹರಾಳೂ ಅಳು ನಿಲ್ಲಿಸಿದಳು. ತೋಜಿ ದೊಡ್ಡಮ್ಮ ಬೆರಳು ತೋರಿಸಿ, "ಅದೆಲ್ಲ ಸರಿಯಪ್ಪಾ. ಈ ಕರಬೂಜ ಯಾಕೆ?" ಎಂದರು.

"ಖಾಲಿ ತೊಟ್ಟಿಲು ತೂಗಿದರೆ ಮಗೂಗೆ ಹೊಟ್ಟೆನೋವು ಬರುತ್ತೆ ಅಂತ ಅಮ್ಮನೇ ಹೇಳ್ತಿದ್ದರಲ್ಲಾ ದೊಡ್ಡಮ್ಮ? ಓಯ್ದಿನ್ ಬಂದು ತೂಗೇ ತೂಗ್ತಾಳೆ ಅಂತ ಗೊತ್ತಿತ್ತು. ಅದಕ್ಕೇ ತುಂಬಿಸಿಟ್ಟು ಹೋದೆ."

"ಟೋಪಿ ಯಾಕೆ?"

ಭಾವ ಕರಬೂಜವನ್ನು ಇನ್ನೊಮ್ಮೆ ನೋಡಿದರು. "ಸುಮ್ಮನೆ. ತಲೆ ಬೋಳಾಗಿ ಕಾಣಿಸ್ತಿತ್ತು."

ಇಷ್ಟು ಗಲಾಟೆಯಲ್ಲಿ ಎಚ್ಚರವಾಗದ ಅಕ್ಕನಿಗೆ ಆ ಮೌನದಲ್ಲಿ ಎಚ್ಚರವಾಯಿತು! ಕೂದಲು ಕೆದರಿಕೊಂಡು, ಕೆನ್ನೆಯ ಮೇಲೆ ರಜಾಯಿಯ ಹೊಲಿಗೆಯ ಅಚ್ಚು ಮೂಡಿಸಿಕೊಂಡು ಬಾಗಿಲಿಗೆ ಓಡಿ ಬಂದಳು. "ಏನಾಯ್ತು? ಯಾಕೆ ಯಾರೂ ಅಳ್ತಿಲ್ಲ?"

ಅವಳು ಮೊದಲು ಗಂಡನನ್ನು ನೋಡಿದಳು. ಅತ್ತೆಯ ಎದುರು, ಬೀದಿಯ ಎದುರು, ವ್ಯಾನು ತುಂಬ ಪ್ಯಾಸೆಂಜರುಗಳ ಎದುರು, ಮಗುವನ್ನು ಅವಚಿಕೊಂಡು ನಿಂತ ಗಂಡ. ಆಮೇಲೆ ತೊಟ್ಟಿಲು ನೋಡಿದಳು. ಆಮೇಲೆ ಇನ್ನೂ ಹಗ್ಗ ಎಳೆಯುತ್ತಿದ್ದ ನನ್ನನ್ನು ನೋಡಿದಳು.

ಅಕ್ಕ ನಕ್ಕಳು. ಮೊದಲು ಮೂಗಿನಲ್ಲಿ ನಕ್ಕಳು, ಆಮೇಲೆ ಬಾಗಿಲಿನ ಚೌಕಟ್ಟು ಹಿಡಿದು ನಕ್ಕಳು, ಆಮೇಲೆ ಹೊಸ್ತಿಲ ಮೇಲೇ ಕೂತುಬಿಟ್ಟಳು. ನಗುನಗುತ್ತ ಸ್ವಲ್ಪ ಅತ್ತಳು. ನರ್ಸ್ ಬಂದ ದಿನದ ಅಳುವಲ್ಲ ಅದು.

ತೋಜಿ ದೊಡ್ಡಮ್ಮ ಅವಳ ಪಕ್ಕ ಹೋಗಿ ಕೂತರು. "ನೀನು ಹೇಗಿದ್ದೀಯಮ್ಮ?"

"ನಿದ್ದೆ ಬರ್ತಿದೆ ದೊಡ್ಡಮ್ಮ."

"ಹಾಗಾದರೆ ಹೋಗಿ ಮತ್ತೆ ಮಲ್ಕೋ."

"ಹಸನ್..."

"ಹಸನ್ ಎಲ್ಲಿಗೂ ಹೋಗಲ್ಲ. ಅಂದಿಜಾನ್‌ನಲ್ಲಿ ನನ್ನ ಮನೆ ಮುಂದೆ ವ್ಯಾನು ಓಡಿಸೋರು ಯಾರಿದ್ದಾರೆ? ನಾನೇ ಇಲ್ಲಿರ್ತೀನಿ. ಚೀಲ ತಂದಿದ್ದೀನಲ್ಲ." ಆಮೇಲೆ ತಂಗಿಯ ಕಡೆ ತಿರುಗಿದರು. "ಕುಮ್ರಿ, ನಿನ್ನ ಗಂಡ ಈ ಇಲ್ಹೋಮ್‌ನ ದನದ ಕೊಟ್ಟಿಗೇಲಿ ಬಚ್ಚಿಟ್ಟುಕೊಂಡು ಆಡಿಸ್ತಿದ್ದದ್ದು ಮರೆತೆಯಾ? ಆಗ ನೀನು ನೋಡದವಳ ಹಾಗೆ ಆ ಕಡೆ ತಿರುಗಿ ಹಾಲು ಕರೀತಿದ್ದೆ. ಈಗಲೂ ತಿರುಗು!"

ಕುಮ್ರಿ ಅತ್ತೆಯ ಮುಖ ಕೆಂಪಾಯಿತು. ತುಟಿ ಬಿಗಿದರು, ಸೆರಗು ಎಳೆದುಕೊಂಡರು, ನಿಧಾನಕ್ಕೆ ಗೋಡೆಯ ಕಡೆ ತಿರುಗಿ ಕೂತರು.

ಅಂದಿನಿಂದ ಅದೇ ನಮ್ಮ ಮನೆಯ ಕಾನೂನು. ಸಂಜೆ ಭಾವ ಬಂದ ಕೂಡಲೇ ಹಿರಿಯರಿಬ್ಬರೂ ಚಹಾ ಬಟ್ಟಲು ಹಿಡಿದು ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಭಾವ ಒಂದೊಂದು ಕೈಯಲ್ಲಿ ಒಂದೊಂದು ಮಗುವನ್ನು ಎತ್ತಿಕೊಂಡು ಅಂಗಳ ಸುತ್ತುತ್ತಾರೆ. ಅಕ್ಕ ಮಲಗುತ್ತಾಳೆ. "ಮುಗೀತಾ?" ಎಂದು ಕುಮ್ರಿ ಅತ್ತೆ ಗೋಡೆಯನ್ನು ಕೇಳುತ್ತಾರೆ. "ಇನ್ನೂ ಸ್ವಲ್ಪ ಅಮ್ಮಾ" ಎನ್ನುತ್ತಾರೆ ಭಾವ. ಅಕ್ಕ ಭಾವನ ಜಗಳವೂ ನಿಂತಿಲ್ಲ. ಆದರೆ ಈಗ ಯಾರಿಗೆ ಹೆಚ್ಚು ಸುಸ್ತು ಎಂದು ಕೇಳುವಾಗ ನಿಜವಾಗಿಯೂ ಉತ್ತರಕ್ಕೆ ಕಾಯುತ್ತಾರೆ.

ನನ್ನ ಗತಿ? ಅದನ್ನೂ ಹೇಳಿಬಿಡುತ್ತೇನೆ. ಆ ದಿನ ದೊಡ್ಡಮ್ಮ ಕರಬೂಜದ ಟೋಪಿ ತೆಗೆದು, ಪಟ್ಟಿ ಬಿಚ್ಚಿ, ಹೆಚ್ಚಿ, ಪ್ಯಾಸೆಂಜರುಗಳಿಗೂ ಸೇರಿಸಿ ಹಂಚಿದರು. ಮೊದಲ ಹೋಳು ಬಾಯಿಗಿಟ್ಟ ತಾತ ಕಣ್ಣು ಮುಚ್ಚಿದರು. "ಇಂಥ ಸಿಹಿ ನಾನು ಕಂಡಿಲ್ಲ!"

"ಇರಲ್ವಾ ಮತ್ತೆ?" ಎಂದರು ದೊಡ್ಡಮ್ಮ. "ಬೆಳಿಗ್ಗೆಯಿಂದ ತೂಗಿದ್ದಾಳೆ. ಲಯ ಬೇಕು, ಲಯ!"

ಅದೇ ಸಂಜೆ ಪ್ಯಾಸೆಂಜರುಗಳು ವ್ಯಾನಿನಿಂದ ಇಳಿದಿಳಿದು ಕಥೆಯನ್ನು ಊರಿಗೆಲ್ಲ ತಲುಪಿಸಿದರು. ಈಗ ನಾನು ಪೇಟೆಗೆ ಹೋದರೆ ಹಣ್ಣಿನ ಅಂಗಡಿಯವರು ಎದ್ದು ನಿಲ್ಲುತ್ತಾರೆ. "ಬನ್ನಿ ಕರಬೂಜದ ಚಿಕ್ಕಮ್ಮ! ಎಲ್ಲ ಮಕ್ಕಳೂ ಮಲಗಿದ್ದಾರೆ, ಸ್ವಲ್ಪ ಮೆಲ್ಲಗೆ ಮಾತಾಡಿ!" ಮೊದಲಾಗಿದ್ದರೆ ನನ್ನ ಧ್ವನಿ ಮನೆಗೆ ಓಡಿಹೋಗುತ್ತಿತ್ತು. ಮೊನ್ನೆ ಮಾತ್ರ ನಿಂತು, "ಯಾವುದು ಜಾಸ್ತಿ ಅಳಲ್ಲವೋ ಅದನ್ನ ಕೊಡಿ" ಎಂದೆ. ನನ್ನ ಬಾಯಿಂದಲೇ ಬಂದ ಮಾತು ಅದು!

ತೊಟ್ಟಿಲ ಕಡೆಯಿಂದ ಅಳು ಕೇಳಿಸುತ್ತಿದೆ. ಅಕ್ಕ ಮಲಗಿದ್ದಾಳೆ. ಈಗ ನಾನು ಪೆನ್ನು ಇಟ್ಟು ಎದ್ದುಹೋಗಿ, ಹೊದಿಕೆ ಎತ್ತಿ, ಒಳಗೆ ಯಾರಿದ್ದಾರೆ ಎಂದು ನೋಡಿ, ಆಮೇಲೆ ತೂಗುತ್ತೇನೆ.